ಇಬ್ಬರೇ ಎರಡು ದಿನ ಫೋರ್ಟ್ ಕೊಚ್ಚಿಗೆ ಹೋಗುವುದಾದರೆ

ಮೊದಲು ವಾರ ನೋಡಿಕೊಳ್ಳಿ. ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ, ಶನಿವಾರ 1568ರ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ತೆರೆಯುವುದಿಲ್ಲ, ಹಾಗಾಗಿ ಭಾನುವಾರ-ಸೋಮವಾರ ಇಟ್ಟುಕೊಂಡರೆ ಮುಚ್ಚಿದ ಬಾಗಿಲ ಮುಂದೆ ನಿಂತು ಮುಖ ಮುಖ ನೋಡಿಕೊಳ್ಳುವುದು ತಪ್ಪುತ್ತದೆ (ನಮಗಾಗಿದೆ!). ರೂಮು ಫೋರ್ಟ್ ಕೊಚ್ಚಿಯಲ್ಲೇ ಮಾಡಿ, ನೀರಿನಾಚೆ ದಡದ ಎರ್ನಾಕುಲಂನಲ್ಲಿ ಬೇಡ. ಎರ್ನಾಕುಲಂನಲ್ಲಿ ರೈಲಿಳಿದು ಅಲ್ಲಿನ ಬೋಟ್ ಜೆಟ್ಟಿಗೆ ಹೋಗಿ ಸರ್ಕಾರಿ ಬೋಟ್ ಹತ್ತಿ. ಟ್ರಾಫಿಕ್ ಕಾಟವಿಲ್ಲ, ದುಡ್ಡೂ ಕಮ್ಮಿ.

ಬೆಳಿಗ್ಗೆ ಬೇಗ ಎದ್ದು ಚೀನೀ ಬಲೆಗಳ ಹತ್ತಿರ ಸುಮ್ನೆ ನಿಲ್ಲಿ. ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದ ಹಾಗೆ ಬಲೆ ನೀರು ಸುರಿಸುತ್ತಾ ಮೇಲೇಳುತ್ತದೆ. ಅಷ್ಟು ದೊಡ್ಡ ಬಲೆಗೆ ಕೆಲವೊಮ್ಮೆ ಹಿಡಿ ಮೀನು ಅಷ್ಟೇ! 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂತಿದ್ದ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಅಲ್ಲಿಂದ ನಡೆದೇ ಹೋಗಬಹುದು. ಜೂನ್-ಜುಲೈ ಮಾತ್ರ ಬೇಡ, ಮಳೆ ಜಾಸ್ತಿ.