ಆಟಿಕೆಯೋ, ಡ್ರೋನೋ? ಹವ್ಯಾಸಿ ಡ್ರೋನ್, ಆರ್‌ಸಿ ಕಾರು ತಯಾರಕರಿಗೆ ರಫ್ತಿನ ಕೈಪಿಡಿ

ಹೊರದೇಶದಿಂದ ಮೊದಲ ವಿಚಾರಣೆ ಬಂದ ಕೂಡಲೇ ಹೆಚ್ಚಿನವರು ಬೆಲೆಪಟ್ಟಿ ಮಾಡಲು ಕೂರುತ್ತಾರೆ. ಅದಕ್ಕೂ ಮುಂಚೆ ಮುಗಿಸಬೇಕಾದ ಕೆಲಸ ಒಂದಿದೆ: ನಿಮ್ಮ ಸರಕು ಆಟಿಕೆಯೋ, ಡ್ರೋನೋ ಎಂದು ಬರವಣಿಗೆಯಲ್ಲಿ ತೀರ್ಮಾನಿಸುವುದು. ಸುಂಕದ ಕೋಡ್, ರಫ್ತು ಪರವಾನಗಿ, ಲ್ಯಾಬ್ ಪರೀಕ್ಷೆ, ಯಾವ ದೇಶಕ್ಕೆ ಮಾರಬಹುದು ಎಂಬುದೆಲ್ಲ ಅದರ ಮೇಲೇ ನಿಂತಿದೆ. ಪೆಟ್ಟಿಗೆ ಮೇಲೆ ಒಂದು, ಇನ್‌ವಾಯ್ಸ್‌ನಲ್ಲಿ ಇನ್ನೊಂದು ಬರೆದರೆ ಸರಕು ಕಸ್ಟಮ್ಸ್‌ನಲ್ಲಿ ಕೂರುತ್ತದೆ, ಬಾಡಿಗೆ ನಿಮ್ಮ ತಲೆಗೆ ಬರುತ್ತದೆ.

ಕೋಡ್ ಮತ್ತು ಪರವಾನಗಿ

2022ರ ಎಚ್‌ಎಸ್ ಪಟ್ಟಿಯಲ್ಲಿ (ಸರಕುಗಳಿಗೆ ಸುಂಕದ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಮಾನವರಹಿತ ವಿಮಾನಗಳಿಗೆ 8806 ಎಂಬ ಪ್ರತ್ಯೇಕ ಶೀರ್ಷಿಕೆ ಬಂತು. ರಿಮೋಟ್‌ನಿಂದ ಮಾತ್ರ ಹಾರುವ, 250 ಗ್ರಾಂ ಮೀರದ ಡ್ರೋನ್ 8806.21, 250 ಗ್ರಾಂ ದಾಟಿ 7 ಕಿಲೋವರೆಗಿನದು 8806.22. ಮೊದಲೇ ಗುರುತಿಸಿದ ದಾರಿಯಲ್ಲಿ ತಾನೇ ಹಾರುವ ಸೌಲಭ್ಯವಿದ್ದರೆ 8806.9ರ ಸಾಲಿಗೆ ಹೋಗುತ್ತದೆ. ಕೇವಲ ಮನರಂಜನೆಗೆಂದು ರೂಪಿಸಿದ ಹಾರುವ ಆಟಿಕೆ ಮತ್ತು ಆರ್‌ಸಿ (ರಿಮೋಟ್‌ನಿಂದ ಓಡುವ) ಕಾರು 9503ರಲ್ಲಿ ಬರುತ್ತವೆ. ಜಿಪಿಎಸ್, ತಾನೇ ಮನೆಗೆ ಮರಳುವ ವ್ಯವಸ್ಥೆ, ಒಳ್ಳೆಯ ಕ್ಯಾಮೆರಾ ಇವೆಲ್ಲ ಇರುವ ಮಾದರಿಯನ್ನು ಆಟಿಕೆ ಎಂದು ಸಾಧಿಸುವುದು ಕಷ್ಟ, ಆ ಪ್ರಯತ್ನಕ್ಕೇ ಹೋಗಬೇಡಿ.

ಡ್ರೋನ್ ಎಂದಾದರೆ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ) ಹೊರಡಿಸುವ ಸ್ಕೊಮೆಟ್ ಪಟ್ಟಿ, ಅಂದರೆ ರಫ್ತಿಗೆ ಅನುಮತಿ ಬೇಕಾದ ಸೂಕ್ಷ್ಮ ಸರಕುಗಳ ಪಟ್ಟಿ ನೋಡಲೇಬೇಕು. 2023ರ ಜೂನ್‌ನಲ್ಲಿ ನಿಯಮ ಸಡಿಲವಾಗಿ, 25 ಕಿಲೋಮೀಟರ್ ಮೀರದ ವ್ಯಾಪ್ತಿಯ, 25 ಕಿಲೋ ಮೀರದ ಭಾರ ಹೊರುವ ನಾಗರಿಕ ಬಳಕೆಯ ಡ್ರೋನ್‌ಗಳಿಗೆ ‘ಗೇಡ್’ ಎಂಬ ಸಾಮಾನ್ಯ ಅನುಮತಿ ಬಂದಿದೆ. ಒಮ್ಮೆ ಪಡೆದರೆ 3 ವರ್ಷ ಚಾಲ್ತಿಯಲ್ಲಿರುತ್ತದೆ. ಕಳಿಸಿದ ಸರಕಿನ ವರದಿಯನ್ನು ಆಮೇಲೆ ಸಲ್ಲಿಸುತ್ತಿರಬೇಕು. ಆಟಿಕೆಯ ಗಡಿಯಲ್ಲಿರುವ ಮಾದರಿಯಾದರೆ ಡಿಜಿಎಫ್‌ಟಿಯಿಂದ ಲಿಖಿತ ಸ್ಪಷ್ಟನೆ ತರಿಸಿ ಕಡತದಲ್ಲಿಡಿ. ಏಜೆಂಟ್ ಬಾಯಲ್ಲಿ ಹೇಳಿದ ‘ಏನೂ ಬೇಡ ಸಾರ್’ ಕಸ್ಟಮ್ಸ್ ಮುಂದೆ ನಿಲ್ಲುವುದಿಲ್ಲ.

ಸ್ವದೇಶದಲ್ಲಿ ಮಾರುವ ವಿದ್ಯುತ್ ಆಟಿಕೆಗೆ ಐಎಸ್ 15644ರ ಪ್ರಕಾರ ಐಎಸ್‌ಐ ಗುರುತು ಕಡ್ಡಾಯ. ರಫ್ತಿಗೆಂದೇ ತಯಾರಿಸಿದ್ದಕ್ಕೆ ಆ ಆದೇಶ ಅನ್ವಯಿಸುವುದಿಲ್ಲ. ಆದರೆ ಉಳಿದ ಸ್ಟಾಕನ್ನು ಬೆಂಗಳೂರಿನ ಅಂಗಡಿಗೆ ಹಾಕಿದ ಕ್ಷಣಕ್ಕೆ ಅನ್ವಯಿಸುತ್ತದೆ.

ಯಾವ ದೇಶ ಮೊದಲು

ಅಮೆರಿಕದ ಬಾಗಿಲು ಡ್ರೋನ್‌ಗಳಿಗೆ ಬಹುಮಟ್ಟಿಗೆ ಮುಚ್ಚಿದೆ. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ರೇಡಿಯೊ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ವಿದೇಶದಲ್ಲಿ ತಯಾರಾದ ಡ್ರೋನ್‌ಗಳನ್ನೂ ಅವುಗಳ ಮುಖ್ಯ ಭಾಗಗಳನ್ನೂ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ವಿನಾಯಿತಿ ಇಲ್ಲದ ಹೊಸ ಮಾದರಿಗೆ ರೇಡಿಯೊ ಅನುಮೋದನೆ ಸಿಗುವುದಿಲ್ಲ. ಆರ್‌ಸಿ ಕಾರು, ದೋಣಿಗಳಿಗೆ ಈ ತಡೆ ಇಲ್ಲ. ಅವಕ್ಕೆ ಎಫ್‌ಸಿಸಿ ಭಾಗ 15ರ ಅನುಮೋದನೆ ಬೇಕು. 12 ವರ್ಷದವರೆಗಿನ ಮಕ್ಕಳಿಗಾದರೆ ಆಟಿಕೆ ಸುರಕ್ಷತೆಯ ಎಎಸ್‌ಟಿಎಂ ಎಫ್963 ಪರೀಕ್ಷೆ, ಮಕ್ಕಳ ಉತ್ಪನ್ನ ಪ್ರಮಾಣಪತ್ರ, ತಯಾರಿಕೆಯ ಸ್ಥಳ ಮತ್ತು ಬ್ಯಾಚ್ ತಿಳಿಸುವ ಅಳಿಸಲಾಗದ ಲೇಬಲ್ ಕೂಡ. ಪರೀಕ್ಷೆ ಮಾಡುವ ಲ್ಯಾಬ್ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಿಪಿಎಸ್‌ಸಿ ಒಪ್ಪಿದ ಪಟ್ಟಿಯಲ್ಲಿರಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯೂ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆದ್ದರಿಂದ ಒಂದೊಂದೇ ಪೆಟ್ಟಿಗೆ ಕಳಿಸಿ ಮಾರುವ ಲೆಕ್ಕಾಚಾರವನ್ನು ಹೊಸದಾಗಿ ಹಾಕಬೇಕು.

ಯುರೋಪ್‌ನಲ್ಲಿ ಕಾಗದ ಜಾಸ್ತಿ, ಆದರೆ ದಾರಿ ಸ್ಪಷ್ಟ. 14 ವರ್ಷದೊಳಗಿನವರ ಆಟಕ್ಕಾದರೆ ಆಟಿಕೆ ಸುರಕ್ಷತಾ ನಿಯಮ: ಇಎನ್ 71ರ ಭಾಗ 1, 2, 3 ಮತ್ತು ವಿದ್ಯುತ್ ಆಟಿಕೆಯ ಇಎನ್ ಐಇಸಿ 62115. ರಿಮೋಟ್ ಇರುವುದರಿಂದ ರೇಡಿಯೊ ನಿರ್ದೇಶನ, ಬೆಸುಗೆ ಮತ್ತು ಪ್ಲಾಸ್ಟಿಕ್‌ಗೆ ರೋಹೆಚ್‌ಎಸ್ (ಸೀಸದಂಥ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ನಿಯಮ). 2025ರ ಆಗಸ್ಟ್ 1ರಿಂದ ಇಂಟರ್‌ನೆಟ್‌ಗೆ ಸೇರುವ ರೇಡಿಯೊ ಸಾಧನಗಳಿಗೆ ಸೈಬರ್ ಸುರಕ್ಷತೆಯ ಷರತ್ತೂ ಬಂದಿದೆ. ಮೊಬೈಲ್ ಆ್ಯಪ್‌ನಿಂದ ಓಡಿಸುವ ಕಾರಿಗೆ ಎಲ್ಲ ಪೆಟ್ಟಿಗೆಯಲ್ಲೂ ಒಂದೇ ವೈಫೈ ಪಾಸ್‌ವರ್ಡ್ ಇಟ್ಟಿದ್ದರೆ ಈಗಲೇ ಬದಲಿಸಿ.

ಯುರೋಪ್‌ನಲ್ಲಿ ಆಟಿಕೆ ಎಂಬ ದರ್ಜೆಗೆ ಮಾರಾಟದಲ್ಲೂ ಬೆಲೆಯಿದೆ. 250 ಗ್ರಾಂ ಒಳಗಿನ ಡ್ರೋನ್‌ಗೆ ಕ್ಯಾಮೆರಾ ಇದ್ದರೆ ಕೊಂಡವನು ಆಪರೇಟರ್ ಎಂದು ನೋಂದಾಯಿಸಿಕೊಳ್ಳಬೇಕು. ಆಟಿಕೆ ನಿಯಮ ಪಾಲಿಸಿದ್ದರೆ ಆ ರಗಳೆ ಇಲ್ಲ. ಪೆಟ್ಟಿಗೆ ಮೇಲೆ ‘14+’ ಎಂದು ಮುದ್ರಿಸಿ ಪರೀಕ್ಷೆ ತಪ್ಪಿಸಿಕೊಂಡೆವು ಎಂದುಕೊಳ್ಳುವವರು ಈ ಅನುಕೂಲ ಕಳೆದುಕೊಳ್ಳುತ್ತಾರೆ. ಆಗ ಅದು ಸಿ0 ದರ್ಜೆಯ (250 ಗ್ರಾಂ ಒಳಗಿನ) ಡ್ರೋನ್ ಆಗುತ್ತದೆ. ದರ್ಜೆಯ ಗುರುತೇ ಬೇಕಾಗುತ್ತದೆ.

ಕೊಲ್ಲಿ ದೇಶಗಳಲ್ಲಿ ಆಟಿಕೆಗೆ ಜಿ-ಮಾರ್ಕ್ ಎಂಬ ಸುರಕ್ಷತಾ ಗುರುತು, ಯುಎಇಯಲ್ಲಿ ಜೊತೆಗೆ ರೇಡಿಯೊ ಅನುಮೋದನೆ. 2022ರ ಮೇ 1ರಿಂದ ಯುಎಇ ಜೊತೆ ಭಾರತಕ್ಕೆ ವ್ಯಾಪಾರ ಒಪ್ಪಂದವಿದೆ. ಆರ್‌ಸಿ ಕಾರಿಗೆ ಒಳ್ಳೆಯ ಆರಂಭ. ಹಾರುವುದನ್ನು ಮಾತ್ರ ಅಲ್ಲಿನ ಹಾರಾಟ ನಿಯಮ ಓದದೆ ಕಳಿಸಬೇಡಿ. ಆಸ್ಟ್ರೇಲಿಯಾದಲ್ಲಿ ಬಟನ್ ಸೆಲ್ ಇರುವ ರಿಮೋಟ್‌ಗೆ 2022ರ ಜೂನ್‌ನಿಂದ ಕಟ್ಟುನಿಟ್ಟಾದ ನಿಯಮ ಇದೆ. ಎಎಎ ಸೆಲ್ ಹಾಕುವ ರಿಮೋಟ್ ಮಾಡಿದರೆ ಆ ತಲೆನೋವು ಇಲ್ಲ.

ನಮ್ಮ ಸಲಹೆ: ಮೊದಲು ಆರ್‌ಸಿ ಕಾರು, ಯುರೋಪ್ ಅಥವಾ ಯುಎಇಗೆ. ಡ್ರೋನ್ ಎರಡನೇ ವರ್ಷಕ್ಕಿರಲಿ.

ಲ್ಯಾಬ್‌ನಲ್ಲಿ ಬೀಳುವ ಜಾಗಗಳು

ಮೆತ್ತನೆಯ ಟೈರು, ಆಂಟೆನಾ ಕೊಳವೆ, ಪಿವಿಸಿ ವೈರ್. ಈ ಮೂರರಲ್ಲೇ ಥ್ಯಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗಿಸುವ ರಾಸಾಯನಿಕ) ಸಿಗುವುದು ಹೆಚ್ಚು, ಮಿತಿ 0.1%. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡ ವೈರ್‌ಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಸಿಲಿಕೋನ್ ವೈರ್, ಟಿಪಿಇ ಟೈರಿಗೆ ಬದಲಾಯಿಸಿ, ಪ್ರತಿ ಬ್ಯಾಚ್‌ಗೂ ಪೂರೈಕೆದಾರನ ವರದಿ ಕೇಳಿ. ಬೆಸುಗೆಗೆ ಸೀಸವಿಲ್ಲದ ಎಸ್‌ಎಸಿ305 ಬಳಸಿ. ಸೀಸವಿರುವ 63/37 ತಂತಿಯಿಂದ ಕೈಯಲ್ಲಿ ಮಾಡಿದ ಒಂದೇ ಒಂದು ರಿಪೇರಿ ಸಾಕು, ಆ ಬೋರ್ಡ್ ರೋಹೆಚ್‌ಎಸ್‌ನಲ್ಲಿ ಬೀಳಲು.

ರೇಡಿಯೊ ವಿಷಯದಲ್ಲಿ 2.4 ಗಿಗಾಹರ್ಟ್ಸ್‌ಗೆ ಅಂಟಿಕೊಳ್ಳಿ; ಯುರೋಪ್‌ನಲ್ಲಿ ಮಿತಿ 100 ಮಿಲಿವಾಟ್. 5.8ರಲ್ಲಿ ವಿಡಿಯೊ ಕಳಿಸುವುದಾದರೆ ಅಲ್ಲಿ 25 ಮಿಲಿವಾಟ್ ಮಾತ್ರ. ಇಲ್ಲಿ ಹವ್ಯಾಸಿಗಳು ಹಾಕುವ 200 ಮಿಲಿವಾಟ್‌ನ ಟ್ರಾನ್ಸ್‌ಮಿಟರ್ ಅಲ್ಲಿ ಪಾಸಾಗುವುದಿಲ್ಲ. ಮೊದಲೇ ಅನುಮೋದನೆ ಪಡೆದ ಮಾಡ್ಯೂಲ್ ಹಾಕಿದರೆ ಖರ್ಚು ತಗ್ಗುತ್ತದೆ, ಆದರೆ ಆಂಟೆನಾ ಬದಲಿಸಿದರೆ ಆ ಅನುಮೋದನೆ ನಿಮಗೆ ಒದಗದೇ ಹೋಗಬಹುದು.

ಲ್ಯಾಬ್‌ಗೆ ಕೊಟ್ಟ ಮಾದರಿಯ ಅವಳಿಯೊಂದನ್ನು ಮೊಹರು ಹಾಕಿ ಕಾರ್ಖಾನೆಯಲ್ಲಿಡಿ. ಆಮೇಲೆ ಮೋಟಾರ್, ಬಣ್ಣ, ಪ್ಲಾಸ್ಟಿಕ್ ಯಾವುದನ್ನು ಬದಲಿಸಿದರೂ ಲ್ಯಾಬ್‌ಗೆ ತಿಳಿಸಿ.

ಬ್ಯಾಟರಿ

ಹೆಚ್ಚಿನ ಸರಕು ನಿಲ್ಲುವುದು ಇಲ್ಲೇ. ಲಿಥಿಯಂ ಸೆಲ್‌ಗೂ ಪ್ಯಾಕ್‌ಗೂ ಸಾಗಣೆ ಸುರಕ್ಷತೆಯ ಯುಎನ್ 38.3 ಪರೀಕ್ಷೆಯ ಸಾರಾಂಶ ಬೇಕು. ಸೆಲ್ ಬೇರೆ ಕಂಪನಿಯದ್ದಾದರೆ ಹಳೆಯ ವರದಿ ನಡೆಯುವುದಿಲ್ಲ. ವ್ಯಾಟ್-ಅವರ್ ಲೆಕ್ಕ ಸುಲಭ: 7.4 ವೋಲ್ಟ್, 850 ಎಂಎಎಚ್ ಪ್ಯಾಕ್ ಅಂದರೆ 7.4 × 0.85 = 6.29. ಸೆಲ್‌ಗೆ 20, ಪ್ಯಾಕ್‌ಗೆ 100 ವ್ಯಾಟ್-ಅವರ್ ಒಳಗಿದ್ದರೆ ಸರಳ ನಿಯಮ ಸಾಕು.

ವಿಮಾನದಲ್ಲಿ ಕಳಿಸುವಾಗ ಆಟಿಕೆಯೊಳಗೇ ಕೂತ ಬ್ಯಾಟರಿಯ ಅಪಾಯಕಾರಿ ಸರಕಿನ ಸಂಖ್ಯೆ ಯುಎನ್ 3481, ಪ್ಯಾಕಿಂಗ್ ನಿಯಮ 967. ಅದೇ ಪೆಟ್ಟಿಗೆಯಲ್ಲಿ ಪಕ್ಕಕ್ಕಿಟ್ಟದ್ದೂ ಯುಎನ್ 3481, ಆದರೆ ನಿಯಮ 966: ಓಡಿಸಲು ಬೇಕಾದಷ್ಟು, ಜೊತೆಗೆ ಎರಡು ಸೆಟ್ ಹೆಚ್ಚುವರಿ, ಅಷ್ಟೇ. ಬಿಡಿ ಬ್ಯಾಟರಿ ಮಾತ್ರ ಕಳಿಸಿದರೆ ಅದು ಯುಎನ್ 3480. ಪ್ರಯಾಣಿಕ ವಿಮಾನದಲ್ಲಿ ನಿಷಿದ್ಧ. ‘ಬರೀ 50 ಬ್ಯಾಟರಿ ಕಳಿಸಿ’ ಎಂಬ ಆರ್ಡರ್ ಒಪ್ಪುವ ಮುಂಚೆ ಇದು ನೆನಪಿರಲಿ.

ಬಿಡಿ ಬ್ಯಾಟರಿ ವಿಮಾನ ಏರುವಾಗ ಚಾರ್ಜ್ 30% ಮೀರಬಾರದು. 2026ರ ಜನವರಿಯಿಂದ 966ರ ಅಡಿಯ ಪ್ಯಾಕ್‌ಗಳಿಗೂ ಇದು ಬಂದಿದೆ. ಎಲ್ಲಕ್ಕೂ ಇದನ್ನೇ ಪಾಲಿಸಿದರೆ ಗೊಂದಲವಿಲ್ಲ. ಹವ್ಯಾಸಿ ಚಾರ್ಜರ್‌ನ ‘ಸ್ಟೋರೇಜ್’ ಮೋಡ್ ನಂಬಬೇಡಿ. ಅದು ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ನಿಲ್ಲಿಸುತ್ತದೆ, 30%ಗಿಂತ ಹೆಚ್ಚು. ಲಿಪೊ ಸೆಲ್‌ನಲ್ಲಿ 30% ಸಿಗುವುದು ಸುಮಾರು 3.7ರಿಂದ 3.75ರಲ್ಲಿ, ನಿಮ್ಮ ಸೆಲ್ ಒಂದನ್ನು ಪೂರ್ತಿ ತುಂಬಿಸಿ, ಇಳಿಸಿ, ಅಳೆದು ಖಚಿತ ಮಾಡಿಕೊಳ್ಳಿ.

ಹಡಗಿನಲ್ಲಿ ಹೋದರೆ ಇದಕ್ಕೆ ತಿರುಗುಮುರುಗು ಸಮಸ್ಯೆ. ಬೋರ್ಡ್ ಸುಮ್ಮನಿದ್ದಾಗ 100 ಮೈಕ್ರೊ ಆಂಪಿಯರ್ ಎಳೆದರೂ 45 ದಿನಕ್ಕೆ 108 ಎಂಎಎಚ್ ಖಾಲಿ. 500 ಎಂಎಎಚ್ ಸೆಲ್‌ನ 30% ಅಂದರೆ 150. ಗೋದಾಮಿನಲ್ಲಿ ಇನ್ನೊಂದು ತಿಂಗಳು ಕೂತರೆ ಸೆಲ್ ಸತ್ತೇ ತಲುಪುತ್ತದೆ. ಕನೆಕ್ಟರ್ ಬಿಚ್ಚಿಡಿ, ಇಲ್ಲವೇ ಎಳೆದು ತೆಗೆಯುವ ಪ್ಲಾಸ್ಟಿಕ್ ಪಟ್ಟಿ ಹಾಕಿ.

ಭಾರತದ ಕಾಗದ, ಮತ್ತು ಬೆಲೆ

ಡಿಜಿಎಫ್‌ಟಿಯಿಂದ ಐಇಸಿ (ಆಮದು-ರಫ್ತು ಸಂಖ್ಯೆ), ರಫ್ತಿನ ಹಣ ಬರುವ ಬ್ಯಾಂಕಿನ ಎಡಿ ಕೋಡನ್ನು ಸರಕು ಹೊರಡುವ ಬಂದರು ಅಥವಾ ಏರ್ ಕಾರ್ಗೊದಲ್ಲಿ ನೋಂದಾಯಿಸುವುದು, ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ. ಎಲ್‌ಯುಟಿಯನ್ನು ಪ್ರತಿ ಆರ್ಥಿಕ ವರ್ಷವೂ ಹೊಸದಾಗಿ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಮರೆಯುವವರು ಬಹಳ. ಶಿಪ್ಪಿಂಗ್ ಬಿಲ್‌ನಲ್ಲಿ ರೊಡ್‌ಟೆಪ್ (ರಫ್ತು ಸರಕಿನ ಮೇಲಿನ ತೆರಿಗೆ ಮರುಪಾವತಿ) ಬೇಕು ಎಂದು ಪ್ರತಿ ಸಾಲಿಗೂ ಘೋಷಿಸಿರಬೇಕು. ಬಿಟ್ಟುಹೋದರೆ ಆಮೇಲೆ ತಿದ್ದಿಸುವುದು ಹೆಣಗಾಟ. ಮೋಟಾರ್, ಚಿಪ್ ಚೀನಾದಿಂದ ತರಿಸುವವರು ಅಡ್ವಾನ್ಸ್ ಆಥರೈಸೇಶನ್ ನೋಡಿ: ಸುಂಕವಿಲ್ಲದೆ ತರಬಹುದು, ಸಾಮಾನ್ಯವಾಗಿ ಕನಿಷ್ಠ 15% ಮೌಲ್ಯವರ್ಧನೆ ಬೇಕು, 18 ತಿಂಗಳೊಳಗೆ ರಫ್ತು ಮುಗಿಸಬೇಕು. ಬರೀ ಜೋಡಣೆ ಮಾಡಿದ ಸರಕಿಗೆ ಭಾರತದ ಮೂಲ ಪ್ರಮಾಣಪತ್ರ ಸಿಗದೇ ಹೋಗಬಹುದು, ಹಾಗಾಗಿ ಪ್ರತಿ ಭಾಗದ ವೆಚ್ಚಪಟ್ಟಿ ಇಟ್ಟುಕೊಳ್ಳಿ.

ಬೆಲೆ ಹಾಕುವಾಗ ಪೆಟ್ಟಿಗೆಯ ಗಾತ್ರದಿಂದ ಶುರು ಮಾಡಿ. 40 × 25 × 20 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ 1.2 ಕಿಲೋ ಕಾರು ಇದ್ದರೂ ಕೊರಿಯರ್ 5000ದಿಂದ ಭಾಗಿಸಿ 4 ಕಿಲೋ ಲೆಕ್ಕ ಹಾಕುತ್ತದೆ. ಏರ್ ಕಾರ್ಗೊ 6000ದಿಂದ ಭಾಗಿಸಿ 3.33 ಕಿಲೋ. ಚಕ್ರ, ಬಂಪರ್ ಬಿಚ್ಚಿಟ್ಟು ಎತ್ತರವನ್ನು 12 ಸೆಂಟಿಮೀಟರ್‌ಗೆ ಇಳಿಸಿದರೆ ಕೊರಿಯರ್ ತೂಕ 2.4 ಕಿಲೋಗೆ ಬರುತ್ತದೆ. ಸಾಗಣೆ ಖರ್ಚು ಇಳಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮೊದಲ ಆರ್ಡರ್‌ಗೆ ಎಫ್‌ಒಬಿ ಬೆಲೆಯನ್ನೇ (ಹಡಗಿಗೆ ಏರಿಸುವವರೆಗಿನ ಬೆಲೆ) ಹೇಳಿ. ಸುಂಕ ಕಟ್ಟಿ ಮನೆಗೆ ತಲುಪಿಸುವ ಡಿಡಿಪಿ ಒಪ್ಪಿಕೊಂಡರೆ ಅಲ್ಲಿನ ವ್ಯಾಟ್, ವಿಳಂಬ ಎಲ್ಲವೂ ನಿಮ್ಮದೇ. ಯುರೋಪ್‌ಗಾದರೆ ಆಮದುದಾರನ ಹೆಸರು, ವಿಳಾಸ ಪೆಟ್ಟಿಗೆ ಮೇಲೆ ಮುದ್ರಣವಾಗಬೇಕು. ಜರ್ಮನಿಯಲ್ಲಿ ಇ-ತ್ಯಾಜ್ಯ ನೋಂದಣಿ ಯಾರದ್ದು ಎಂದು ಒಪ್ಪಂದದಲ್ಲೇ ಬರೆಸಿ. ಮುಂಗಡ 30%, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಸರಕು ಹಡಗೇರಿದ ರಸೀದಿ) ಪ್ರತಿ ಕಂಡ ಮೇಲೆ. ಸಾಲದ ಮೇಲೆ ಕೇಳಿದರೆ ಇಸಿಜಿಸಿ (ಸರ್ಕಾರಿ ರಫ್ತು ಸಾಲ ವಿಮಾ ಕಂಪನಿ) ವಿಮೆ ಇಲ್ಲದೆ ಕೊಡಬೇಡಿ. ರೆಕ್ಕೆ, ಗೇರ್, ಸರ್ವೊ ಬಿಡಿಭಾಗಗಳನ್ನು ಬೆಲೆ ಸಮೇತ ಅದೇ ಇನ್‌ವಾಯ್ಸ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ. ‘ಉಚಿತ’ ಎಂದು ಸೊನ್ನೆ ಬರೆದ ಸಾಲನ್ನು ಕಸ್ಟಮ್ಸ್‌ನವರು ಪ್ರಶ್ನಿಸದೆ ಬಿಡುವುದು ಅಪರೂಪ.