ವಿನೆಗರ್ ಹಾಕಿಯೇ ನೈಟ್ರೇಟ್ ಇಳಿಸಿದೆ

ಸಮುದ್ರ ಮೀನಿನ ಟ್ಯಾಂಕಿನಲ್ಲಿ ನೈಟ್ರೇಟ್ (ಮೀನಿನ ಗಲೀಜಿನಿಂದ ನೀರಿಗೆ ಸೇರುವ ಲವಣ) ಇಳಿಸಲು ವಿನೆಗರ್ ಹಾಕುತ್ತೇನೆ ಅಂದಾಗ ಅಕ್ವೇರಿಯಂ ಅಂಗಡಿಯವರು "ಗೋಬಿ ಮಂಚೂರಿ ಮಾಡ್ತೀರಾ ಸಾರ್?" ಅಂತ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಎಷ್ಟು ಎಂಎಲ್ ಅಂತ ಕೇಳುತ್ತಾರೆ.

ನೀರು 200 ಲೀಟರ್ ಇರಬಹುದು. ಒಂದು ಜೋಡಿ ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನು, ಒಂದಿಷ್ಟು ಜೋವಾ (ಹವಳದ ತರಹದ ಜೀವಿ). ನೈಟ್ರೇಟ್ ಟೆಸ್ಟ್ ಕಿಟ್ಟಿನ ಕೆಂಪು ಬಣ್ಣದಲ್ಲಿ 80 ಯಾವುದು, 160 ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ಅಲ್ವಾ? ಒಂದು ಪಾಲು ಟ್ಯಾಂಕ್ ನೀರಿಗೆ ಮೂರು ಪಾಲು ಆರ್‌ಓ (ಫಿಲ್ಟರ್ ಮಾಡಿದ ಶುದ್ಧ) ನೀರು ಬೆರೆಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿದೆ. ಹೆಚ್ಚುಕಡಿಮೆ 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ).

50 ಲೀಟರ್ ಬದಲಿಸಿದರೆ 75ಕ್ಕೆ ಇಳಿಯುತ್ತಿತ್ತು, ಮುಂದಿನ ವಾರ ಮತ್ತೆ 90. ಹೊಸ ನೀರಿಗೆ ಬೆರೆಸುವ ಉಪ್ಪಿಗೇ ಪ್ರತಿ ಸಲ 800 ರೂಪಾಯಿ ಹತ್ತಿರ. ನೈಟ್ರೇಟ್ ಹೀರುವ ಕೀಟೊ ಪಾಚಿ ಬೆಳೆಸಲು ಲೈಟಿಗೆ ಎರಡು ಸಾವಿರ ಸುರಿದೆ, ಅದು ಕರಗಿಹೋಯಿತು. ಮೂರೂವರೆ ಸಾವಿರದ ಮೀಡಿಯಾ ಬ್ಲಾಕ್ (ಬ್ಯಾಕ್ಟೀರಿಯಾ ನೆಲೆಸುವ ರಂಧ್ರದ ಇಟ್ಟಿಗೆ) ಸಂಪಿನಲ್ಲಿ, ಅಂದರೆ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ, ಸುಮ್ನೆ ಕೂತಿತ್ತು.

ಆಮೇಲೆ ದಿನಸಿ ಅಂಗಡಿಯ ಬಿಳಿ ವಿನೆಗರ್, ಸುಮಾರು 4%ದು. ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಹೀರುತ್ತದೆ; ನೊರೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್ ಆ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತದೆ. ಬೆಳಿಗ್ಗೆ ಸ್ಕಿಮ್ಮರ್ ಪಂಪಿನ ಬಾಯಿ ಹತ್ತಿರ 8 ಎಂಎಲ್, ವಾರಕ್ಕೆ 4 ಜಾಸ್ತಿ. ಮೊದಲು ಏನೂ ಆಗಲಿಲ್ಲ. 32 ಎಂಎಲ್ ಮುಟ್ಟಿದಾಗ ನೀರು ಮಬ್ಬಾಯಿತು. 24ಕ್ಕೆ ಇಳಿಸಿದೆ, ಒಂದೆರಡು ದಿನದಲ್ಲಿ ತಿಳಿಯಾಯಿತು. ಸ್ಕಿಮ್ಮರ್ ಕಪ್ಪಿನಲ್ಲಿ ಡಿಕಾಕ್ಷನ್ ತರಹದ ಕಪ್ಪು ನೀರು. ವಾಸನೆ ಮಾತ್ರ ಕೇಳಬೇಡಿ.

ನೈಟ್ರೇಟ್ 60, 40 ಅಂತ ಇಳಿದು ಅಲ್ಲೇ ನಿಂತುಬಿಟ್ಟಿತು. ಫಾಸ್ಫೇಟ್ (ಮೀನಿನ ಆಹಾರದಿಂದ ಬರುವ ರಂಜಕದ ಲವಣ) ನೋಡಿದರೆ ಸೊನ್ನೆ. ಬ್ಯಾಕ್ಟೀರಿಯಾಗೆ ಅದೂ ಬೇಕಲ್ಲ! ಫಾಸ್ಫೇಟ್ ರಿಮೂವರ್ ಕಿತ್ತುಹಾಕಿ, ಮೀನಿಗೆ ಫ್ರೋಜನ್ ಮೈಸಿಸ್ (ಪುಟ್ಟ ಸೀಗಡಿ ತರಹದ ಆಹಾರ) ಸ್ವಲ್ಪ ಜಾಸ್ತಿ ಕೊಟ್ಟೆ. ಮತ್ತೆ ಇಳಿಯತೊಡಗಿತು. ಒಟ್ಟು ಮೂರೂವರೆ ತಿಂಗಳು ಹಿಡಿದಿರಬೇಕು. ಈಗ 8-10ರಲ್ಲಿದೆ, ದಿನಕ್ಕೆ 16 ಎಂಎಲ್ ಸಾಕು.

ಮಧ್ಯೆ ಚಿಕ್ಕ ಟ್ಯಾಂಕಿನಲ್ಲಿ ವಿನೆಗರ್ ಬದಲು ಸಕ್ಕರೆಯನ್ನೂ ಪರೀಕ್ಷಿಸಿದೆ. ಕಲ್ಲಿನ ಮೇಲೆಲ್ಲ ಬಿಳಿ ಲೋಳೆ ಎಳೆಎಳೆಯಾಗಿ ನೇತಾಡಿತು, ಬಿಟ್ಟೆ. ವೋಡ್ಕಾ ಆದರೆ ಎಂಟನೇ ಒಂದು ಪಾಲು ಸಾಕು. ಆದರೆ ನಮ್ಮ ರಾಜ್ಯದ ಅಬಕಾರಿ ತೆರಿಗೆ ಕಟ್ಟಿ ಬ್ಯಾಕ್ಟೀರಿಯಾಗೆ ಕುಡಿಸೋದು ಯಾಕೆ?

ಕರೆಂಟ್ ಹೋದ ದಿನ ಮಾತ್ರ ಹಾಕಲೇಬೇಡಿ. ಸ್ಕಿಮ್ಮರ್ ನಿಂತಿರುತ್ತದೆ, ಬ್ಯಾಕ್ಟೀರಿಯಾ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ವಿನೆಗರಿಗೆ ಇಷ್ಟು ದಿನದಲ್ಲಿ ಹೋದದ್ದು ಮುನ್ನೂರು ರೂಪಾಯಿ ದಾಟಿರಲಿಕ್ಕಿಲ್ಲ.