ಮೇಂಟೆನೆನ್ಸ್ ಬಿಲ್: ಓದುವುದು ಹೇಗೆ, ಕಟ್ಟುವುದು ಹೇಗೆ?

ಅಪಾರ್ಟ್‌ಮೆಂಟ್‌ನಲ್ಲಿ ಇರುವ ಹೆಚ್ಚಿನವರು ಮೇಂಟೆನೆನ್ಸ್ ಬಿಲ್‌ನ ಕೊನೆಯ ಸಾಲು ಮಾತ್ರ ನೋಡುತ್ತಾರೆ. ಮೊತ್ತ ಎಂದಿನಷ್ಟೇ ಇದ್ದರೆ ಹಣ ಕಳಿಸಿ ಸುಮ್ಮನಾಗುತ್ತಾರೆ. ಏಕಾಏಕಿ ಏರಿದರೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಜಗಳ ಶುರು. ಅಷ್ಟು ಹೊತ್ತಿಗೆ ಖರ್ಚು ಆಗಿಹೋಗಿರುತ್ತದೆ, ಯಾರೂ ಏನೂ ಮಾಡುವಂತಿಲ್ಲ. ಲೆಕ್ಕ ಕೇಳಬೇಕಾದದ್ದು ಬಜೆಟ್ ಆಗುವಾಗ. ಅದಕ್ಕೆ ಬಿಲ್ ಓದಲು ಬರಬೇಕು.

ಮೊದಲು ಕಾಗದ ಹುಡುಕಿ

ನೀವು ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು ಅನ್ನುವುದು ಫ್ಲ್ಯಾಟ್‌ನ ಕ್ರಯಪತ್ರ ಅಥವಾ ಕರಾರಿನಲ್ಲಿ, ಮತ್ತು ಕಟ್ಟಡದ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ ಇರುತ್ತದೆ. ಕಾರ್ಯದರ್ಶಿ ಹೇಳಿದ್ದು, ಪಕ್ಕದ ಮನೆಯವರು ಹೇಳಿದ್ದು ಆಮೇಲಿನ ಮಾತು. ಮೂರು ವಿಷಯ ಹುಡುಕಿ: ಸಾಮಾನ್ಯ ಜಾಗ ಅಂದರೆ ಯಾವುದೆಲ್ಲ, ಖರ್ಚು ಹಂಚುವ ರೀತಿ ಯಾವುದು, ತಡವಾದರೆ ಬಡ್ಡಿ ಎಷ್ಟು.

ನೆಲಮಹಡಿಯವರು ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ: ‘ನಾವು ಲಿಫ್ಟ್ ಹತ್ತುವುದೇ ಇಲ್ಲ, ನಾವ್ಯಾಕೆ ಕೊಡಬೇಕು?’ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಕಾಗದದಲ್ಲೇ ಸಿಗಬೇಕು. ಲಿಫ್ಟ್ ಎಲ್ಲರ ಸಾಮಾನ್ಯ ಆಸ್ತಿ ಎಂದು ಅಲ್ಲಿ ಬರೆದಿದ್ದರೆ, ಬಳಸಿದರೂ ಬಳಸದಿದ್ದರೂ ಪಾಲು ಕೊಡಬೇಕು. ಬೀಗ ಹಾಕಿದ ಮನೆಗೂ ಸಾಮಾನ್ಯವಾಗಿ ಇದೇ ಮಾತು. ಮನೆ ಖಾಲಿ ಇದ್ದರೂ ಕಾವಲು, ವಿಮೆ, ಬಣ್ಣದ ಖರ್ಚು ನಿಲ್ಲುವುದಿಲ್ಲ ಅಲ್ವಾ?

ನಿಮ್ಮ ಪಾಲನ್ನು ನೀವೇ ಲೆಕ್ಕ ಹಾಕಿ

ಒಂದು ಕಟ್ಟಡದಲ್ಲಿ 20 ಫ್ಲ್ಯಾಟ್ ಇವೆ ಎಂದುಕೊಳ್ಳಿ. ಹತ್ತು ಫ್ಲ್ಯಾಟ್ ತಲಾ 1,000 ಚದರಡಿ, ಉಳಿದ ಹತ್ತು ತಲಾ 1,500 ಚದರಡಿ. ಒಟ್ಟು 25,000 ಚದರಡಿ. ವರ್ಷದ ಖರ್ಚು 15 ಲಕ್ಷ. ಚದರಡಿ ಲೆಕ್ಕದಲ್ಲಿ ಹಂಚಿದರೆ ಚದರಡಿಗೆ ವರ್ಷಕ್ಕೆ 60, ತಿಂಗಳಿಗೆ 5. ಚಿಕ್ಕ ಫ್ಲ್ಯಾಟ್‌ಗೆ ತಿಂಗಳಿಗೆ 5,000, ದೊಡ್ಡದಕ್ಕೆ 7,500 ಬರುತ್ತದೆ. ಎಲ್ಲರಿಗೂ ಸಮ ಎಂದು ಹಂಚಿದರೆ ಪ್ರತಿ ಫ್ಲ್ಯಾಟ್‌ಗೆ 6,250. ಖರ್ಚು ಒಂದೇ. ಹಂಚುವ ರೀತಿ ಬದಲಾಯಿತು, ಅಷ್ಟಕ್ಕೇ ಚಿಕ್ಕ ಮನೆಯವರಿಗೆ 1,250 ಜಾಸ್ತಿ, ದೊಡ್ಡ ಮನೆಯವರಿಗೆ ಅಷ್ಟೇ ಕಡಿಮೆ.

ನನ್ನ ಮಟ್ಟಿಗೆ ಎರಡನ್ನೂ ಬೆರೆಸುವುದು ನ್ಯಾಯ. ಕಾವಲು, ಕಸ, ಮೆಟ್ಟಿಲು ಗುಡಿಸುವುದು ಮನೆಗೊಂದು ಪಾಲು. ಬಣ್ಣ, ಚಾವಣಿ, ವಿಮೆ ಚದರಡಿ ಲೆಕ್ಕ. ಆದರೆ ನನಗೋ ನಿಮಗೋ ಸರಿ ಅನಿಸಿದ್ದು ತಾನಾಗಿ ಜಾರಿಗೆ ಬರುವುದಿಲ್ಲ. ಬದಲಿಸಬೇಕೆಂದರೆ ಸಭೆಗೆ ತಂದು, ಬೈಲಾ ಹೇಳಿದ ಕ್ರಮದಲ್ಲೇ ಬದಲಿಸಬೇಕು. ಚದರಡಿ ಅಂದಾಗ ಗೋಡೆಯೊಳಗಿನ ಅಳತೆಯೋ, ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆಯೋ ಎಂದು ಕೇಳಿ. ಎಲ್ಲರಿಗೂ ಒಂದೇ ಅಳತೆ ಹಿಡಿದಿರಬೇಕು.

ಮೂರು ವರ್ಷದ ಲೆಕ್ಕ ಪಕ್ಕಪಕ್ಕ ಇಡಿ

ಒಂದೇ ವರ್ಷದ ಲೆಕ್ಕ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೂರು ವರ್ಷದ್ದು ಕೇಳಿ ಪಡೆದು, ಒಂದೊಂದು ಸಾಲನ್ನೂ ಹೋಲಿಸಿ.

ಕರೆಂಟ್ ಬಿಲ್ ತೆಗೆದುಕೊಳ್ಳಿ. ಸಾಮಾನ್ಯ ಜಾಗದ ಕರೆಂಟ್ ಖರ್ಚು ಏರಿದೆ ಎಂದರೆ ಮೊತ್ತವನ್ನು ಬಿಟ್ಟು ಯೂನಿಟ್ ನೋಡಿ. ಯೂನಿಟ್ ಅಷ್ಟೇ ಇದ್ದು ಹಣ ಏರಿದ್ದರೆ ದರ ಏರಿದೆ. ಸಮಿತಿಯನ್ನು ಬೈದು ಪ್ರಯೋಜನವಿಲ್ಲ. ಯೂನಿಟ್ಟೇ ಏರಿದ್ದರೆ ಎಲ್ಲೋ ಏನೋ ಸುಮ್ನೆ ಓಡುತ್ತಿದೆ. ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ಕೆಟ್ಟು, ಟ್ಯಾಂಕ್ ತುಂಬಿದ ಮೇಲೂ ಪಂಪ್ ನಿಲ್ಲದೆ ಓಡುತ್ತಿರಬಹುದು. ಟೈಮರ್ ಹಾಳಾಗಿ ಕಾರಿಡಾರ್ ದೀಪ ಹಗಲೂ ಉರಿಯುತ್ತಿರಬಹುದು. ನೀರಿನ ಬಿಲ್ಲೂ ಹೀಗೇ. ಎಲ್ಲರೂ ಮಲಗಿದ ಹೊತ್ತಿನಲ್ಲಿ ಮೀಟರ್ ತಿರುಗುತ್ತಿದ್ದರೆ ಸೋರಿಕೆ ಇದೆ ಎಂದೇ ಅನುಮಾನಿಸಿ.

ಲಿಫ್ಟ್‌ನ ಎಎಂಸಿಯಲ್ಲಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದಲ್ಲಿ, ಎರಡು ಬಗೆ. ಒಂದರಲ್ಲಿ ಸರ್ವಿಸ್ ಮಾತ್ರ, ಬಿಡಿಭಾಗಕ್ಕೆ ಬೇರೆ ಹಣ. ಇನ್ನೊಂದರಲ್ಲಿ ಹೆಚ್ಚಿನ ಬಿಡಿಭಾಗಗಳೂ ಸೇರಿರುತ್ತವೆ, ಹಾಗಾಗಿ ದುಬಾರಿ. ಕಡಿಮೆ ಮೊತ್ತದ ಕೊಟೇಶನ್‌ಗೆ ಎಲ್ಲರೂ ಖುಷಿಯಿಂದ ಕೈ ಎತ್ತುತ್ತಾರೆ. ಹಗ್ಗ ಬದಲಿಸುವ ಬಿಲ್ ಬಂದಾಗ ಗಾಬರಿ. ಒಪ್ಪುವ ಮುಂಚೆಯೇ ಯಾವ ಭಾಗ ಸೇರಿದೆ, ಯಾವುದು ಸೇರಿಲ್ಲ ಎಂಬ ಪಟ್ಟಿ ಓದಿ.

‘ಇತರೆ ಖರ್ಚು’ ಎಂಬ ಸಾಲು ದೊಡ್ಡದಾಗಿದ್ದರೆ ವೋಚರ್ ಕೇಳಿ. ಅನುಮಾನ ಇರಲೇಬೇಕೆಂದಿಲ್ಲ, ಕೇಳುವುದು ಸದಸ್ಯರ ಕೆಲಸ. ಸಂಬಳವಿಲ್ಲದೆ ದುಡಿಯುವ ಸಮಿತಿಯವರ ಜೊತೆ ಮೆತ್ತಗೆ ಮಾತಾಡಿ, ಆದರೆ ಕೇಳುವುದನ್ನು ಬಿಡಬೇಡಿ.

ಸಿಂಕಿಂಗ್ ಫಂಡ್ ಬೇಡ ಅನ್ನಬೇಡಿ

ಬಿಲ್‌ನಲ್ಲಿ ಜನ ಮೊದಲು ಕತ್ತರಿ ಹಾಕಲು ನೋಡುವುದು ಈ ಸಾಲಿಗೆ, ಅಂದರೆ ಮುಂದೆ ಬರುವ ದೊಡ್ಡ ಖರ್ಚಿಗೆಂದು ಈಗಿನಿಂದಲೇ ಎತ್ತಿಡುವ ಹಣಕ್ಕೆ. ನಾನು ಕೊನೆಯವರೆಗೂ ಉಳಿಸಿಕೊಳ್ಳಿ ಎನ್ನುವುದೂ ಇದನ್ನೇ. ಲೆಕ್ಕ ಸುಲಭ. ಹೊಸ ಲಿಫ್ಟ್‌ಗೆ 20 ಲಕ್ಷ ಬೇಕು, ಈಗಿನದು ಇನ್ನು 10 ವರ್ಷ ಬಾಳುತ್ತದೆ ಎಂದಾದರೆ ವರ್ಷಕ್ಕೆ 2 ಲಕ್ಷ ಎತ್ತಿಡಬೇಕು. ಅದೇ 20 ಫ್ಲ್ಯಾಟ್‌ಗೆ ಸಮವಾಗಿ ಹಂಚಿದರೆ ತಿಂಗಳಿಗೆ ತಲಾ ಸುಮಾರು 833. ಏನೂ ಎತ್ತಿಡದಿದ್ದರೆ ಲಿಫ್ಟ್ ನಿಂತ ದಿನ ಪ್ರತಿ ಮನೆಯಿಂದಲೂ ಒಂದೇ ಸಲಕ್ಕೆ ಒಂದು ಲಕ್ಷ. ಕೊಡಲಾಗದವರು ಇಬ್ಬರಿದ್ದರೂ ಕೆಲಸ ನಿಂತೀತು. ಬೆಲೆ ಏರುತ್ತಲೇ ಇರುವುದರಿಂದ ಈ ಅಂದಾಜನ್ನು ಎರಡು ಮೂರು ವರ್ಷಕ್ಕೊಮ್ಮೆ ತಿದ್ದಬೇಕು. ಈ ಹಣಕ್ಕೆ ಬೇರೆ ಖಾತೆ ಇರಲಿ, ದಿನದ ಖರ್ಚಿಗೆ ಅದನ್ನು ಮುಟ್ಟಬಾರದು.

ಹಣಕ್ಕಿಂತ ದೊಡ್ಡ ವಿಷಯವೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ, ಸರ್ಫ್‌ಸೈಡ್ ಎಂಬ ಊರಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ವಸತಿ ಕಟ್ಟಡ ಇತ್ತು. ಈಜುಕೊಳದ ಸುತ್ತಲಿನ ಚಪ್ಪಡಿಯಲ್ಲಿ ನೀರು ಇಳಿದು ಕಾಂಕ್ರೀಟ್ ಹಾಳಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ರಿಪೇರಿಗೆ ಬೇಕಾದಷ್ಟು ಹಣ ನಿಧಿಯಲ್ಲಿ ಇರಲಿಲ್ಲ. ಮಾತುಕತೆ ಎಳೆಯುತ್ತಾ ಹೋಯಿತು. 2021ರಲ್ಲಿ ಸುಮಾರು 1.5 ಕೋಟಿ ಡಾಲರ್‌ನ ವಿಶೇಷ ವಸೂಲಿಗೆ ಒಪ್ಪಿಗೆ ಸಿಕ್ಕಿತ್ತು. ಆ ವರ್ಷದ ಜೂನ್ 24ರ ನಸುಕಿನಲ್ಲಿ ಕಟ್ಟಡದ ದೊಡ್ಡ ಭಾಗವೇ ಕುಸಿದು 98 ಜನ ಸತ್ತರು. ಕಟ್ಟಡದ ವಿನ್ಯಾಸದಲ್ಲೇ ದೋಷಗಳಿದ್ದವು, ಹಾಗಾಗಿ ಹಣದ ಕೊರತೆಯೊಂದೇ ಕಾರಣ ಎನ್ನಲಾಗದು. ಆದರೂ ಮರುವರ್ಷ ಫ್ಲಾರಿಡಾ ಕಾನೂನು ತಂದಿತು: ಮೂರು ಮಹಡಿ ಮತ್ತು ಅದಕ್ಕಿಂತ ಎತ್ತರದ ಇಂಥ ಕಟ್ಟಡಗಳು ಚಾವಣಿ, ಕಂಬ, ಅಡಿಪಾಯದಂಥ ಭಾಗಗಳಿಗೆ ಎಷ್ಟು ಹಣ ಎತ್ತಿಡಬೇಕೆಂದು ಪರಿಶೀಲನೆ ಮಾಡಿಸಲೇಬೇಕು. ಆ ನಿಧಿಯನ್ನು ಸದಸ್ಯರು ಮತ ಹಾಕಿ ಬೇಡ ಅನ್ನುವ ಅವಕಾಶವನ್ನೂ ತೆಗೆದುಹಾಕಿತು.

ಕಟ್ಟುವಾಗ, ತಕರಾರು ಇದ್ದಾಗ

ಹಣ ಕಳಿಸುವಾಗ ಫ್ಲ್ಯಾಟ್ ನಂಬರ್, ಯಾವ ತಿಂಗಳದ್ದು ಎಂದು ಬರೆಯಿರಿ. ರಸೀದಿ ಇಟ್ಟುಕೊಳ್ಳಿ. ಹಳೆ ಬಾಕಿ ಇದ್ದರೆ ನೀವು ಕಳಿಸಿದ ಹಣ ಮೊದಲು ಅದಕ್ಕೋ ಬಡ್ಡಿಗೋ ಜಮೆಯಾಗಿ, ಈ ತಿಂಗಳದ್ದು ಹಾಗೇ ಉಳಿದಿರಬಹುದು. ಕೆಲವು ಕಡೆ ವರ್ಷದ ಆರಂಭದಲ್ಲಿ ಅಂದಾಜಿನ ಮೇಲೆ ವಸೂಲಿ ಮಾಡಿ, ಕೊನೆಗೆ ನಿಜವಾದ ಖರ್ಚಿಗೆ ತಾಳೆ ಹಾಕುತ್ತಾರೆ. ಅಂಥಲ್ಲಿ ವರ್ಷದ ಕೊನೆಗೆ ಇನ್ನೊಂದು ಬಿಲ್ ಬರಬಹುದು, ಹಣ ವಾಪಸೂ ಬರಬಹುದು. ಎರಡನೆಯದನ್ನು ಕೇಳಿ ಪಡೆಯಿರಿ.

ಒಂದು ಬಾಬ್ತು ತಪ್ಪು ಅನಿಸಿದರೆ ಪೂರ್ತಿ ಬಿಲ್ ತಡೆಹಿಡಿಯಬೇಡಿ. ಬಡ್ಡಿ ಏರುತ್ತದೆ, ಕೆಲವು ಕಡೆ ಬಾಕಿದಾರರಿಗೆ ಮತ ಹಾಕುವ ಹಕ್ಕೂ ಹೋಗುತ್ತದೆ. ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಿ. ಉಳಿದದ್ದಕ್ಕೆ ಕಾರ್ಯದರ್ಶಿಗೆ ಪತ್ರವನ್ನೋ ಇಮೇಲನ್ನೋ ಕಳಿಸಿ: ಯಾವ ಸಾಲು, ಯಾಕೆ ಒಪ್ಪುವುದಿಲ್ಲ, ಯಾವ ದಾಖಲೆ ಬೇಕು. ಎರಡು ವಾಕ್ಯ ಸಾಕು, ತಾರೀಕು ಇರಲಿ. ಉತ್ತರ ಬರದಿದ್ದರೆ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಸೇರಿಸಲು ಕೇಳಿ. ಗ್ರೂಪ್‌ನಲ್ಲಿ ಹಾಕಿದ ಮೆಸೇಜು ನಾಲ್ಕು ದಿನಕ್ಕೆ ಕೆಳಗೆ ಹೋಗುತ್ತದೆ, ಪತ್ರ ಫೈಲಿನಲ್ಲಿ ಉಳಿಯುತ್ತದೆ. ಹಣದ ಕಷ್ಟವಿದ್ದರೆ ಗಡುವಿಗೆ ಮುಂಚೆಯೇ ಹೇಳಿ, ಕಂತು ಕೇಳಿ. ಮೊದಲೇ ಬಂದು ಹೇಳಿದವರ ಮಾತಿಗೆ ಸಮಿತಿ ಹೆಚ್ಚಾಗಿ ಕಿವಿಗೊಡುತ್ತದೆ.

ಬಾಡಿಗೆಗೆ ಇರುವವರು ಮೇಂಟೆನೆನ್ಸ್ ಯಾರು ಕಟ್ಟಬೇಕೆಂದು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ. ಸಿಂಕಿಂಗ್ ಫಂಡ್ ಮಾಲೀಕರ ಆಸ್ತಿಗೆ ಸೇರಿದ್ದು, ಅದನ್ನು ಬಾಡಿಗೆದಾರರ ಮೇಲೆ ಹಾಕುವುದು ಸರಿಯಲ್ಲ ಎಂಬುದು ನನ್ನ ನಿಲುವು.

ಫ್ಲ್ಯಾಟ್ ಕೊಳ್ಳುವವರು ಬಾಕಿ ಇಲ್ಲ ಎಂಬ ಪತ್ರದ ಜೊತೆ ಕಳೆದ ಮೂರು ವರ್ಷದ ಸಭೆಯ ನಡಾವಳಿಯನ್ನೂ ಕೇಳಿ ಓದಿ. ಚಾವಣಿ ರಿಪೇರಿ, ಹೊಸ ಲಿಫ್ಟ್ ಎಂದು ಅಲ್ಲಿ ಎರಡು ಸಲ ಚರ್ಚೆಯಾಗಿ ಮುಂದಕ್ಕೆ ಹೋಗಿದ್ದರೆ ಆ ಬಿಲ್ ನಿಮ್ಮ ಹೆಸರಿಗೇ ಬರುವ ಸಾಧ್ಯತೆ ಜಾಸ್ತಿ. ಅಡ್ವಾನ್ಸ್ ಕೊಡುವ ಮುಂಚೆಯೇ ಅದನ್ನು ಬೆಲೆಯ ಮಾತುಕತೆಗೆ ತನ್ನಿ.